ಅಜ್ಜನ ರೈಫಲ್ಲು

ಖಾನಾಪುರದ ನಮ್ಮ ಮನೆಯಲ್ಲಿ ಅಜ್ಜನ ಬೇಟೆಯ ರೈಫಲ್ಲೊಂದಿದೆ. ಅದರ ಪರವಾನಗಿ ಈಗ ನನ್ನ ಹೆಸರಿನಲ್ಲಿದೆ. ಮಲೆನಾಡಿನ ತೇವಕ್ಕೆ ಮರದ ಹಿಡಿ ಸೀಳಿತ್ತು, ಅಗುಳಿ ಸವೆದಿತ್ತು. ಊರ ಕಮ್ಮಾರನಿಗೆ ಕೊಟ್ಟರಾಯಿತೆಂದರು ಮನೆಯವರು. ವಿಷಯ ಅಷ್ಟು ಸುಲಭದ್ದಲ್ಲ.

ರೈಫಲ್ಲೆಂಬ ಹೆಸರು ಬಂದದ್ದು ನಳಿಗೆಯ ಒಳಮೈಯಲ್ಲಿ ಕೊರೆದ ಸುರುಳಿಗೆರೆಗಳಿಂದ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಅದರ ಗುರಿಯನ್ನು ನೇರವಾಗಿಸುತ್ತವೆ. ಮದ್ದು ಸಿಡಿದಾಗ ಹುಟ್ಟುವ ಒತ್ತಡವನ್ನು ತಡೆಯುವುದು ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿ. ಅದು ಸೋತರೆ ಅಪಾಯ ಹಾರಿಸುವವನ ಮುಖಕ್ಕೇ.

ಬೇರೊಂದು ಅಗುಳಿ ತಂದು ಹಾಕಬಾರದೇ? ಆ ಕಾಲದ ಉತ್ತಮ ರೈಫಲ್ಲುಗಳ ಭಾಗಗಳನ್ನು ಕುಶಲಿಗಳು ಅರದಿಂದ ಉಜ್ಜಿ, ಒಂದೊಂದಕ್ಕೂ ಪ್ರತ್ಯೇಕವಾಗಿ ಕೂರಿಸುತ್ತಿದ್ದರು. ಒಂದರದು ಇನ್ನೊಂದಕ್ಕೆ ಸರಿಹೊಂದುವ ಭರವಸೆಯಿಲ್ಲ. ಮೇಲಾಗಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಿಡಿಭಾಗವೂ ಶಸ್ತ್ರವೇ. ದುರಸ್ತಿ ಮಾಡುವವನಿಗೂ ಪರವಾನಗಿ ಬೇಕು.

ಬೆಳಗಾವಿಯಲ್ಲಿ ಅಂಥ ಪರವಾನಗಿಯುಳ್ಳ ವೃದ್ಧ ಕುಶಲಿಯೊಬ್ಬರಿಗೆ ಒಯ್ದು ತೋರಿಸಿದೆ. ದೀಪದೆದುರು ನಳಿಗೆಯನ್ನು ಹಿಡಿದು ಬಹಳ ಹೊತ್ತು ನೋಡಿದರು. “ಮರವನ್ನು ಕೂಡಿಸಿಕೊಡುತ್ತೇನೆ ಸರ್. ಅಗುಳಿಗೆ ಕೈ ಹಚ್ಚುವುದಿಲ್ಲ. ಇದನ್ನಿನ್ನು ಹಾರಿಸಬೇಡಿ” ಎಂದರು.

ಒಂದು ಕ್ಷಣ ಮನಸ್ಸು ಮುದುಡಿತು. ಆದರೆ ಹಾರಿಸುವುದಾದರೂ ಯಾವುದಕ್ಕೆ? 1972ರ ವನ್ಯಜೀವಿ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಬೇಟೆಯ ಪರವಾನಗಿಗಳನ್ನೇ ತೆಗೆಯಿತು. ಖಾನಾಪುರದ ಭೀಮಗಡ ಕಾಡು 2011ರಿಂದ ಅಭಯಾರಣ್ಯ. ಅಜ್ಜ ಬೆನ್ನಟ್ಟಿದ ಮೃಗಗಳ ಸಂತತಿಗೆ ಅಲ್ಲೀಗ ಕಾನೂನಿನ ಆಸರೆಯಿದೆ.

ಹಿಡಿಯನ್ನಷ್ಟೇ ಸರಿಪಡಿಸಿಕೊಂಡು ಬಂದೆ. ಅಜ್ಜನ ಅಂಗೈ ಸವೆಸಿದ ನುಣುಪು ಆ ಮರದಲ್ಲಿ ಇನ್ನೂ ಇದೆ. ನನಗೆ ಬೇಕಾದದ್ದು ಅಷ್ಟೇ.