ಸದ್ದು, ಸವಾರ ಮತ್ತು ಶಾಸನ

ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ನೋಡಬಾರದ ನೋಟ ಎದುರಾದಾಗ ಮನುಷ್ಯನು ಕಣ್ಣು ಮುಚ್ಚಿಕೊಳ್ಳಬಲ್ಲನು. ಆದರೆ ಬೇಡವಾದ ಸದ್ದು ಗೋಡೆಯನ್ನು ದಾಟಿ, ಬಾಗಿಲನ್ನು ಸೀಳಿ, ನಿದ್ರಿಸುವವನ ಕಿವಿಯನ್ನೂ ಹೊಕ್ಕುಬಿಡುತ್ತದೆ. ಆದುದರಿಂದಲೇ ಸದ್ದು ಒಬ್ಬನ ಸ್ವಂತ ವಿಷಯವಾಗಿ ಉಳಿಯಲಾರದು. ಅದನ್ನು ಮಾಡುವವನಿಗೆ ಸ್ವಾತಂತ್ರ್ಯವೆನಿಸಿದ್ದು ಕೇಳುವವನಿಗೆ ಸಂಕಟವಾಗಬಹುದು. ಈ ಎರಡರ ನಡುವೆ ಗೆರೆ ಎಳೆಯುವುದು ಎಷ್ಟು ಕಠಿಣವೆಂಬುದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದ ನಗರಗಳಲ್ಲಿ ಮೋಟಾರ್ ಸೈಕಲ್ಲುಗಳ ಸದ್ದಿನ ಬಗ್ಗೆ ನಡೆದ ವಿವಾದವೊಂದು ಒಳ್ಳೆಯ ಉದಾಹರಣೆ.

ವಿವಾದದ ಸ್ವರೂಪವನ್ನು ತಿಳಿಯುವ ಮೊದಲು ಸದ್ದು ಹುಟ್ಟುವ ಬಗೆಯನ್ನು ಅರಿಯಬೇಕು. ಎಂಜಿನ್ನಿನ ಸಿಲಿಂಡರಿನಲ್ಲಿ ಇಂಧನವು ಉರಿದಾಗ ಅನಿಲಗಳ ಒತ್ತಡವು ಬಹಳವಾಗಿ ಏರುತ್ತದೆ. ಹೊರದಾರಿಯ ಕವಾಟ ತೆರೆದೊಡನೆ ಆ ಅನಿಲವು ರಭಸದಿಂದ ಹೊರನುಗ್ಗಿ ಗಾಳಿಯನ್ನು ಬಡಿಯುತ್ತದೆ. ನಾಲ್ಕು ಹೊಡೆತದ, ಒಂದೇ ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಇಂತಹ ಬಡಿತಗಳು ಸೆಕೆಂಡಿಗೆ 25ರಂತೆ ಹೊರಬೀಳುತ್ತವೆ. ಇದನ್ನು ತಗ್ಗಿಸುವ ಸಾಧನವೇ ಸೈಲೆನ್ಸರ್. ಅದರೊಳಗಿನ ಕೋಣೆಗಳೂ ತೂತುಳ್ಳ ತಡೆಹಲಗೆಗಳೂ ಸದ್ದಿನ ಅಲೆಗಳನ್ನು ಹಿಂದಕ್ಕೂ ಮುಂದಕ್ಕೂ ಎಸೆದು, ಒಂದರಿಂದ ಇನ್ನೊಂದನ್ನು ಅಡಗಿಸುತ್ತವೆ. ಕೆಲವು ಸೈಲೆನ್ಸರುಗಳಲ್ಲಿ ನಾರಿನಂತಹ ವಸ್ತುವನ್ನು ತುಂಬಿರುತ್ತಾರೆ. ಅದು ಸದ್ದನ್ನು ಹೀರಿಕೊಳ್ಳುತ್ತದೆ. ಒಳಗಿನ ತಡೆಗಳನ್ನು ಕಿತ್ತುಹಾಕಿದರೆ ಅಥವಾ ಬರಿಯ ಕೊಳವೆಯನ್ನು ಜೋಡಿಸಿದರೆ ಸದ್ದು ಯಾವ ಅಡ್ಡಿಯೂ ಇಲ್ಲದೆ ಹೊರಬರುತ್ತದೆ.

ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಇದರ ಲೆಕ್ಕ ಸಾಮಾನ್ಯ ಅಳತೆಗೋಲಿನ ಲೆಕ್ಕದಂತಲ್ಲ. ಹತ್ತು ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿಯು ಹತ್ತು ಪಟ್ಟಾಗುತ್ತದೆ. ಮನುಷ್ಯನ ಕಿವಿಗೆ ಅದು ಸುಮಾರು ಎರಡರಷ್ಟು ಜೋರಾಗಿ ಕೇಳಿಸುತ್ತದೆ. ಅಲ್ಲದೆ, ಬಯಲಿನಲ್ಲಿ ಸದ್ದಿನ ಮೂಲದಿಂದ ದೂರವು ಇಮ್ಮಡಿಯಾದಂತೆಲ್ಲ ಸುಮಾರು ಆರು ಡೆಸಿಬೆಲ್ ಕಡಿಮೆಯಾಗುತ್ತದೆ. ಆದುದರಿಂದ ಎಷ್ಟು ಡೆಸಿಬೆಲ್ ಎಂದು ಹೇಳಿದರೆ ಸಾಲದು. ಎಷ್ಟು ದೂರದಿಂದ, ಯಾವ ಸ್ಥಿತಿಯಲ್ಲಿ ಅಳೆದದ್ದು ಎಂಬುದನ್ನೂ ಹೇಳಬೇಕಾಗುತ್ತದೆ. ಮುಂದೆ ಎದ್ದ ಚರ್ಚೆಯೆಲ್ಲ ಈ ಒಂದು ಮಾತನ್ನೇ ಸುತ್ತಿಕೊಂಡಿದೆ.

ಅಮೆರಿಕದ ಶಾಸನಸಭೆಯು 1972ರಲ್ಲಿ ಶಬ್ದ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಅದರ ಆಧಾರದ ಮೇಲೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 1980ರಲ್ಲಿ ಮೋಟಾರ್ ಸೈಕಲ್ಲುಗಳಿಗೆ ನಿಯಮಗಳನ್ನು ವಿಧಿಸಿತು. ರಸ್ತೆಯಲ್ಲಿ ಓಡುವ ಹೊಸ ಬಂಡಿಗಳ ಸದ್ದು 1983ರ ಮಾದರಿಗಳಿಂದ 83 ಡೆಸಿಬೆಲ್ಲನ್ನೂ, 1986ರ ಮಾದರಿಗಳಿಂದ 80 ಡೆಸಿಬೆಲ್ಲನ್ನೂ ಮೀರಬಾರದೆಂದು ಗೊತ್ತುಮಾಡಲಾಯಿತು. ಬಂಡಿಯು ವೇಗವನ್ನು ಹೆಚ್ಚಿಸಿಕೊಳ್ಳುತ್ತ ಸಾಗುವಾಗ ಸುಮಾರು 15 ಮೀಟರ್ ದೂರದಿಂದ ಅದನ್ನು ಅಳೆಯಬೇಕಾಗಿತ್ತು. ನಿಯಮಕ್ಕೆ ಒಳಪಟ್ಟ ಸೈಲೆನ್ಸರಿನ ಮೇಲೆ ತಯಾರಕರು ಸಂಸ್ಥೆಯ ನಿಯಮವನ್ನು ಹೆಸರಿಸುವ ಮುದ್ರೆಯೊಂದನ್ನು ಅಚ್ಚುಹಾಕಬೇಕಾಗಿತ್ತು. ಆದರೆ ಈ ನಿಯಮಗಳು ಜಾರಿಗೆ ಬರುವ ಹೊತ್ತಿಗೆ, 1982ರ ಸುಮಾರಿನಲ್ಲಿ, ಸಂಸ್ಥೆಯ ಶಬ್ದ ನಿಯಂತ್ರಣ ವಿಭಾಗಕ್ಕೆ ಸಿಗುತ್ತಿದ್ದ ಹಣ ನಿಂತುಹೋಯಿತು. ಕಾಯಿದೆ ಉಳಿಯಿತು, ಅದನ್ನು ನಡೆಸುವ ಕೈ ಉಳಿಯಲಿಲ್ಲ. ಹೊಣೆಯು ರಾಜ್ಯಗಳ ಮತ್ತು ನಗರಗಳ ಹೆಗಲಿಗೆ ಬಂದಿತು.

ನಗರಗಳ ಕಷ್ಟ ಇಲ್ಲಿಂದ ಆರಂಭವಾಯಿತು. ವಿಶಾಲವಾದ ಬಯಲು, ಗೊತ್ತಾದ ದೂರ, ಗೊತ್ತಾದ ವೇಗ ಇವೆಲ್ಲ ಬೇಕಾಗುವ ಪರೀಕ್ಷೆಯನ್ನು ಬೀದಿಯ ಅಂಚಿನಲ್ಲಿ ನಿಂತ ಪೊಲೀಸನು ಮಾಡಲಾರನು. ಆದುದರಿಂದ ಕೆಲವು ನಗರಗಳು ಸುಲಭವಾದ ದಾರಿಯೊಂದನ್ನು ಕಂಡುಕೊಂಡವು. ಸದ್ದನ್ನು ಅಳೆಯುವ ಬದಲು ಸೈಲೆನ್ಸರಿನ ಮೇಲೆ ಮುದ್ರೆಯಿದೆಯೇ ಎಂದು ನೋಡುವುದೇ ಆ ದಾರಿ. ಡೆನ್ವರ್ ನಗರವು 2007ರಲ್ಲಿ ಇಂತಹ ನಿಯಮವನ್ನು ಜಾರಿಗೆ ತಂದು 500 ಡಾಲರುಗಳ ದಂಡವನ್ನು ಗೊತ್ತುಮಾಡಿತು. ಬಾಸ್ಟನ್ ನಗರವು 2009ರಲ್ಲಿ ಅದೇ ಹಾದಿಯನ್ನು ಹಿಡಿದು, 300 ಡಾಲರುಗಳ ದಂಡವನ್ನು ವಿಧಿಸಿತು.

ಸವಾರರು ಇದನ್ನು ಬಲವಾಗಿ ವಿರೋಧಿಸಿದರು. 1924ರಲ್ಲಿ ಸ್ಥಾಪನೆಯಾದ ಅಮೆರಿಕದ ಮೋಟಾರ್ ಸೈಕಲ್ ಸವಾರರ ಸಂಘವು ಈ ವಿರೋಧದ ಮುಂಚೂಣಿಯಲ್ಲಿದ್ದಿತು. ಗಮನಿಸಬೇಕಾದ ಸಂಗತಿಯೆಂದರೆ, ಮಿತಿಮೀರಿದ ಸದ್ದು ತಪ್ಪೆಂಬುದನ್ನು ಸಂಘವು ಅಲ್ಲಗಳೆಯಲಿಲ್ಲ. ಕೆಲವರ ಅಬ್ಬರದಿಂದ ಎಲ್ಲ ಸವಾರರಿಗೂ ಕೆಟ್ಟ ಹೆಸರು ಬರುತ್ತದೆಂದು ಅದೇ ತನ್ನ ಸದಸ್ಯರನ್ನು ಎಚ್ಚರಿಸುತ್ತ ಬಂದಿತ್ತು. ಅದರ ತಕರಾರು ನಿಯಮದ ಗುರಿಯ ಬಗ್ಗೆಯಲ್ಲ, ವಿಧಾನದ ಬಗ್ಗೆ. ಮುದ್ರೆ ಇಲ್ಲದ ಸೈಲೆನ್ಸರ್ ಮೃದುವಾಗಿ ಸದ್ದು ಮಾಡುತ್ತಿರಬಹುದು; ಮುದ್ರೆ ಇದ್ದರೂ ಒಳಗಿನ ತಡೆಗಳನ್ನು ಕಿತ್ತ ಸೈಲೆನ್ಸರ್ ಬೀದಿಯನ್ನೇ ನಡುಗಿಸಬಹುದು. ಮುದ್ರೆಯು ಚಿಕ್ಕದು; ಎಷ್ಟೋ ಬಂಡಿಗಳಲ್ಲಿ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಲಾರಿ ಕಾರುಗಳೂ ಸದ್ದು ಮಾಡುವಾಗ ದ್ವಿಚಕ್ರದ ಸವಾರನೊಬ್ಬನನ್ನೇ ಬೊಟ್ಟು ಮಾಡಿ ತೋರಿಸುವುದು ಯಾವ ನ್ಯಾಯ? ಇವು ಅವರ ವಾದಗಳು. ಇವುಗಳಲ್ಲಿ ಹುರುಳಿಲ್ಲವೆಂದು ಹೇಳಲಾಗದು.

ಆದರೆ ಸವಾರರ ಎಲ್ಲ ವಾದಗಳೂ ಇಷ್ಟೇ ಗಟ್ಟಿಯಾದವುಗಳಲ್ಲ. 'ದೊಡ್ಡ ಸದ್ದು ಜೀವ ಉಳಿಸುತ್ತದೆ' ಎಂಬ ಘೋಷಣೆಯು ಅವರಲ್ಲಿ ಹಲವರಿಗೆ ಪ್ರಿಯವಾದುದು. ಸದ್ದು ಕೇಳಿದ ಕಾರಿನವನು ಎಚ್ಚರಗೊಳ್ಳುವನೆಂಬುದು ಅದರ ಆಶಯ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಎಂಬವರ ನೇತೃತ್ವದಲ್ಲಿ ಲಾಸ್ ಏಂಜಲೀಸ್ ಪ್ರದೇಶದ 900 ಅಪಘಾತಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿದ ವರದಿಯೊಂದು 1981ರಲ್ಲಿ ಹೊರಬಂದಿತು. ಇತರ ವಾಹನದವರು ಮೋಟಾರ್ ಸೈಕಲ್ಲನ್ನು ಗುರುತಿಸದೆ ಹೋಗುವುದೇ ಅಪಘಾತಗಳಿಗೆ ಮುಖ್ಯ ಕಾರಣವೆಂದು ಅದು ತೋರಿಸಿತು. ಇಷ್ಟರಮಟ್ಟಿಗೆ ಸವಾರರ ಭಯ ಸಕಾರಣವಾದದ್ದೇ. ಆದರೆ ಬಂಡಿಯು ಎದುರಿನಿಂದ ಎದ್ದು ಕಾಣುವುದೇ ಅತ್ಯಂತ ಮುಖ್ಯವೆಂದೂ, ಹಗಲಿನಲ್ಲಿಯೂ ಮುಂದೀಪ ಉರಿಸುವುದು ಮತ್ತು ಕಣ್ಸೆಳೆಯುವ ಬಣ್ಣದ ಉಡುಪನ್ನು ತೊಡುವುದು ಅಪಾಯವನ್ನು ಕಡಿಮೆಮಾಡುತ್ತವೆಯೆಂದೂ ಅದೇ ವರದಿ ಹೇಳಿತು. ಹೊಗೆಕೊಳವೆಯ ಬಾಯಿಯಾದರೋ ಹಿಂದಕ್ಕೆ ತಿರುಗಿದೆ. ದೀಪ ಮಾಡಬಲ್ಲ ಕೆಲಸಕ್ಕೆ ಊರನ್ನೆಲ್ಲ ಎಬ್ಬಿಸಬೇಕಾದ ಅಗತ್ಯವಿಲ್ಲ.

ಇನ್ನು ಬೀದಿಯ ನಿವಾಸಿಗಳ ಮಾತನ್ನೂ ಕೇಳಬೇಕು. ರಾತ್ರಿಯಲ್ಲಿ ಬೆಚ್ಚಿ ಏಳುವ ಹಸುಗೂಸು, ಮಲಗಿದ ರೋಗಿ, ಮರುದಿನದ ದುಡಿಮೆಗೆ ವಿಶ್ರಾಂತಿ ಬೇಕಾದ ಕೂಲಿಗಾರ ಇವರು ಯಾವ ಸಂಘವನ್ನೂ ಕಟ್ಟಿಕೊಂಡವರಲ್ಲ. ಸಂಚಾರದ ಸದ್ದು ಕೇವಲ ಕಿರಿಕಿರಿಯಲ್ಲ. ನಿದ್ರಾಭಂಗಕ್ಕೂ ಹೃದಯದ ರೋಗಗಳಿಗೂ ಅದಕ್ಕೂ ಸಂಬಂಧವುಂಟೆಂದು ವೈದ್ಯವಿಜ್ಞಾನವು ಗುರುತಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಯೂರೋಪಿಗಾಗಿ ನೀಡಿದ ಮಾರ್ಗಸೂಚಿಯಲ್ಲಿ, ರಸ್ತೆಯ ಸದ್ದಿನ ಸರಾಸರಿಯು ರಾತ್ರಿಯಲ್ಲಿ 45 ಡೆಸಿಬೆಲ್ಲಿಗಿಂತ ಕೆಳಗಿರಬೇಕೆಂದು ಸಲಹೆ ಮಾಡಿದೆ.

ಹಾಗಾದರೆ ದಾರಿ ಯಾವುದು? ಬರಿಯ ವಿರೋಧದಿಂದ ಪ್ರಯೋಜನವಿಲ್ಲವೆಂಬುದನ್ನು ಸವಾರರ ಸಂಘವು ಮನಗಂಡಿತು. ವಾಹನ ಎಂಜಿನಿಯರುಗಳ ಸಂಘಟನೆಯು 2009ರಲ್ಲಿ ಹೊಸದೊಂದು ಪರೀಕ್ಷಾ ವಿಧಾನವನ್ನು ಪ್ರಕಟಿಸಿತು. ಇದರಂತೆ ನಿಂತ ಬಂಡಿಯ ಕೊಳವೆಯಿಂದ ಅರ್ಧ ಮೀಟರ್ ದೂರದಲ್ಲಿ ಕೈಮಾಪಕವನ್ನು ಹಿಡಿದರೆ ಸಾಕು. ಎಂಜಿನ್ನು ಸುಮ್ಮನೆ ತಿರುಗುತ್ತಿರುವಾಗ ಸದ್ದು 92 ಡೆಸಿಬೆಲ್ಲನ್ನು ಮೀರಬಾರದು. ಈ ಅಂಕಿ ಹಿಂದಿನ 80ಕ್ಕಿಂತ ದೊಡ್ಡದೆಂದು ಗಾಬರಿಯಾಗಬೇಕಿಲ್ಲ. ಇದನ್ನು ಅಳೆಯುವ ದೂರ ಮೂವತ್ತರಲ್ಲಿ ಒಂದು ಪಾಲು ಮಾತ್ರ, ಬಂಡಿಯೂ ನಿಂತಿರುತ್ತದೆ. ನಗರಗಳು ಮುದ್ರೆಯನ್ನು ಬಿಟ್ಟು ಈ ವಿಧಾನವನ್ನು ಅನುಸರಿಸಲಿ ಎಂದು ಸಂಘವು ಮಾದರಿ ನಿಯಮವೊಂದನ್ನು ಮುಂದಿಟ್ಟಿತು. ಬೇಡವೆನ್ನುವವನು ಬೇಕಾದುದನ್ನು ಸೂಚಿಸಿದಾಗಲೇ ಅವನ ಮಾತಿಗೆ ಬೆಲೆ ಬರುತ್ತದೆ.

ಆದರೂ ವಿವಾದ ಮುಗಿಯಲಿಲ್ಲ. ಕ್ಯಾಲಿಫೋರ್ನಿಯ ರಾಜ್ಯವು 2010ರಲ್ಲಿ ಮುದ್ರೆಯ ಮಾರ್ಗವನ್ನೇ ಆರಿಸಿಕೊಂಡಿತು. ಆದರೆ ಅದನ್ನು 2013ರಿಂದ ತಯಾರಾದ ಬಂಡಿಗಳಿಗೆ ಮಾತ್ರ ಅನ್ವಯಿಸಿ, ಮುದ್ರೆಯ ಸಂಶಯವೊಂದರಿಂದಲೇ ಸವಾರನನ್ನು ತಡೆದು ನಿಲ್ಲಿಸಬಾರದೆಂದು ಪೊಲೀಸರಿಗೆ ಕಟ್ಟುಪಾಡು ಹಾಕಿತು. ಯೂರೋಪಿನಲ್ಲಿ ಆಸ್ಟ್ರಿಯ ದೇಶದ ಟಿರೋಲ್ ಪ್ರಾಂತವು 2020ರ ಜೂನ್ ತಿಂಗಳಿನಿಂದ ಕೆಲವು ಬೆಟ್ಟದ ರಸ್ತೆಗಳಲ್ಲಿ ನಿಂತ ಸ್ಥಿತಿಯ ಸದ್ದು 95 ಡೆಸಿಬೆಲ್ಲಿಗಿಂತ ಹೆಚ್ಚೆಂದು ದಾಖಲೆಯಲ್ಲಿ ನಮೂದಾದ ಬಂಡಿಗಳನ್ನು ನಿಷೇಧಿಸಿತು. ಕಣಿವೆಯ ಜನರಿಗೆ ಇದರಿಂದ ಸಮಾಧಾನವಾಯಿತು. ಆದರೆ ಕಾಯಿದೆಗೆ ಒಪ್ಪುವ ಬಂಡಿಯನ್ನು ಯಾವ ಬದಲಾವಣೆಯೂ ಇಲ್ಲದೆ ಓಡಿಸುವವರೂ ಹೊರಗುಳಿಯಬೇಕಾಯಿತು. ನಿಂತಾಗಿನ ಅಂಕಿ ಓಡುವಾಗಿನ ಸದ್ದನ್ನು ಹೇಳದೆಂದು ಅವರು ಆಕ್ಷೇಪಿಸಿದರು.

ಈ ಎಲ್ಲ ಸಂಗತಿಗಳಿಂದ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ನಿಯಮದ ಉದ್ದೇಶ ಒಳ್ಳೆಯದಾದರೆ ಸಾಲದು. ಅದರ ಅಳತೆಗೋಲೂ ನೇರವಾಗಿರಬೇಕು. ತಪ್ಪನ್ನು ಅಳೆಯದೆ ತಪ್ಪಿನ ಗುರುತನ್ನಷ್ಟೇ ಹುಡುಕುವ ಕಾನೂನು ನಿರಪರಾಧಿಯನ್ನು ಹಿಡಿದು ಅಪರಾಧಿಯನ್ನು ಬಿಟ್ಟೀತು. ಅಂತೆಯೇ ಅಳತೆ ಸರಿಯಿಲ್ಲವೆಂಬ ನೆಪದಿಂದ ನೆರೆಯವನ ನಿದ್ದೆಯನ್ನು ಕೆಡಿಸುವ ಹಕ್ಕು ಯಾವ ಸವಾರನಿಗೂ ದೊರೆಯುವುದಿಲ್ಲ. ಹೆದ್ದಾರಿ ಎಲ್ಲರದು, ಅದರ ಬದಿಯ ಮೌನವೂ ಎಲ್ಲರದು. ಮೊದಲನೆಯದನ್ನು ಬಳಸುವವನು ಎರಡನೆಯದನ್ನು ಕಾಯುವುದೇ ನಾಗರಿಕತೆ.