ಬರೀ ಉಪ್ಪು ತಿಂದವರ ಋಣ

ಮೂಡಿಗೆರೆ ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕಿಯಾಗಿದ್ದ ಕಾಲದಲ್ಲಿ ನನ್ನ ಚೀಲದಲ್ಲಿ ತಾಯಿ ಕಾರ್ಡು, ಕಬ್ಬಿಣದ ಮಾತ್ರೆಗಳ ಜೊತೆ ಉಪ್ಪು ಪರೀಕ್ಷಿಸುವ ಪುಟ್ಟ ಕಿಟ್ ಕೂಡ ಇರುತ್ತಿತ್ತು. ಮನೆಯವರಿಂದ ಒಂದು ಚಮಚ ಉಪ್ಪು ಇಸಿದುಕೊಂಡು, ತಟ್ಟೆಯಲ್ಲಿ ಹರವಿ, ಒಂದೆರಡು ಹನಿ ದ್ರಾವಣ ಬಿಡುವುದು. ಅಯೋಡಿನ್ ಇದ್ದರೆ ನೀಲಿಯಾಗುತ್ತದೆ. ಆ ಬಣ್ಣವನ್ನು ಕಾರ್ಡಿನ ಬಣ್ಣದ ಪಕ್ಕ ಹಿಡಿದರೆ ಎಷ್ಟಿದೆ ಎಂಬ ಅಂದಾಜೂ ಸಿಗುತ್ತದೆ. ಪ್ಯಾಕೆಟ್ಟಿನ ಪುಡಿಉಪ್ಪು ನೀಲಿಗಟ್ಟಿದರೆ, ಕಲ್ಲುಪ್ಪು ಎಷ್ಟೋ ಸಲ ಬೆಳ್ಳಗೇ ಕೂತಿರುತ್ತಿತ್ತು. “ಏನ್ ಸಿಸ್ಟ್ರೇ, ಈಗ ಉಪ್ಪಿಗೂ ಜ್ವರ ನೋಡ್ತೀರಾ?” ಎಂದು ತೋಟದ ಲೈನಿನ ಹೆಂಗಸರು ನಗುತ್ತಿದ್ದರು.

ಹಾಗೆ ನಗುವವರ ನಡುವೆಯೇ ಕುತ್ತಿಗೆ ಊದಿದ ಅಜ್ಜಿಯರೂ ಇರುತ್ತಿದ್ದರು. ಚಿಕ್ಕಮಗಳೂರು, ಕೊಡಗಿನ ಕಡೆಯವರಿಗೆ ಗಳಗಂಡ ಹೊಸ ಕಾಯಿಲೆಯಲ್ಲ. ಮಳೆ ಜೋರಾದ ಗುಡ್ಡಗಾಡಿನಲ್ಲಿ ಮೇಲ್ಮಣ್ಣಿನ ಅಯೋಡಿನ್ ಕೊಚ್ಚಿಹೋಗುತ್ತದೆ. ಮಣ್ಣಿನಲ್ಲಿ ಇಲ್ಲದ್ದು ಬೆಳೆಯಲ್ಲೂ ನೀರಿನಲ್ಲೂ ಎಲ್ಲಿಂದ ಬಂದೀತು? ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಬರೀ 150 ಮೈಕ್ರೋಗ್ರಾಂ. ಅಷ್ಟೂ ಸಿಗದಿದ್ದರೆ ಥೈರಾಯ್ಡ್ ಗ್ರಂಥಿಗೆ ಹಾರ್ಮೋನು ಕಟ್ಟಲು ಸಾಮಾನಿಲ್ಲ. ಆಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚೆಚ್ಚು ಸುರಿಸಿ ಥೈರಾಯ್ಡನ್ನು ದುಡಿಸುತ್ತದೆ. ದುಡಿದು ದುಡಿದು ಅದು ಊದಿಕೊಳ್ಳುತ್ತದೆ. ಊದಿದ ಕುತ್ತಿಗೆ ಎಲ್ಲರಿಗೂ ಕಾಣುತ್ತದೆ. ಬಸುರಿಗೆ ಅಯೋಡಿನ್ ಸಾಲದೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಆಗುವ ನಷ್ಟ ಮಾತ್ರ ಯಾರಿಗೂ ಕಾಣುವುದಿಲ್ಲ.

ಇದನ್ನೆಲ್ಲ ಈಗ ಸಲೀಸಾಗಿ ಹೇಳುತ್ತೇವೆ. 20ನೇ ಶತಮಾನದ ಆರಂಭದಲ್ಲಿ ಗಿಲ್ಗಿಟ್‌ನಲ್ಲಿದ್ದ ವೈದ್ಯ ರಾಬರ್ಟ್ ಮೆಕ್ಯಾರಿಸನ್ ಗಳಗಂಡಕ್ಕೆ ಕೊಳಕು ನೀರೇ ಕಾರಣವೆಂದು ಶಂಕಿಸಿ, ಆ ನೀರಿನ ಗಸಿಯನ್ನು ತಾವೂ ಕುಡಿದು ಇತರರಿಗೂ ಕುಡಿಸಿ ನೋಡಿದ್ದರು. ಆಮೇಲೆ ಅವರು ಕೂನೂರಿನಲ್ಲಿ ಪೌಷ್ಟಿಕತೆಯ ಸಂಶೋಧನೆಗೆ ನೆಲೆ ಹಾಕಿದರು. ಅದೇ ಕೂನೂರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ಮುಂದೆ ದೆಹಲಿಯ ಏಮ್ಸ್‌ಗೆ ಹೋದವರು ಆಂಧ್ರದ ಡಾ. ವಿ. ರಾಮಲಿಂಗಸ್ವಾಮಿ. ಗಳಗಂಡದ ಪ್ರಶ್ನೆಯನ್ನು ಅವರು ಹಿಮಾಲಯದ ಅಡುಗೆಮನೆಗಳಿಗೇ ಕೊಂಡೊಯ್ದರು.

1956ರಲ್ಲಿ, ಆಗ ಪಂಜಾಬಿಗೆ ಸೇರಿದ್ದ, ಈಗ ಹಿಮಾಚಲದಲ್ಲಿರುವ ಕಾಂಗ್ರಾ ಕಣಿವೆಯನ್ನು ಮೂರು ವಲಯ ಮಾಡಿದರು. ಸುಮಾರು ಒಂದು ಲಕ್ಷ ಜನ. ‘ಎ’ ವಲಯದ ಉಪ್ಪಿಗೆ ಪೊಟ್ಯಾಸಿಯಂ ಅಯೊಡೈಡ್ ಬೆರೆಸಿದರು, ‘ಸಿ’ ವಲಯದ ಉಪ್ಪಿಗೆ ಪೊಟ್ಯಾಸಿಯಂ ಅಯೊಡೇಟ್. ನಡುವಿನ ‘ಬಿ’ ವಲಯಕ್ಕೆ ಹೋದದ್ದು ಬರೀ ಉಪ್ಪು. ಶುರುವಿನಲ್ಲಿ ಶಾಲೆಯ ಮಕ್ಕಳ ಕುತ್ತಿಗೆ ಮುಟ್ಟಿ ನೋಡಿದಾಗ ಮೂರೂ ಕಡೆ ನೂರಕ್ಕೆ 38ರಷ್ಟು ಮಕ್ಕಳಿಗೆ ಗಳಗಂಡವಿತ್ತು. 1962ರಲ್ಲಿ ಮತ್ತೆ ನೋಡಿದರು. ‘ಎ’ಯಲ್ಲಿ 19ಕ್ಕೆ ಇಳಿದಿತ್ತು, ‘ಸಿ’ಯಲ್ಲಿ 15ಕ್ಕೆ. ‘ಬಿ’ಯಲ್ಲಿ 40.

ಈ 40 ಎಂಬ ಅಂಕಿಯ ಬಗ್ಗೆ ನನಗೆ ವಿಶೇಷ ಗೌರವ. ಅದಿಲ್ಲದೆ ಹೋಗಿದ್ದರೆ ಯಾರು ಏನು ಬೇಕಾದರೂ ಹೇಳಬಹುದಿತ್ತು. ಆರು ವರ್ಷದಲ್ಲಿ ರಸ್ತೆ ಬಂತು, ಹೊರಗಿನ ದವಸಧಾನ್ಯ ಬಂತು, ಜನರ ಊಟವೇ ಬದಲಾಯಿತು, ಅದಕ್ಕೇ ಗಳಗಂಡ ಇಳಿಯಿತು ಎಂದು ವಾದಿಸಬಹುದಿತ್ತು. ಅದೇ ಕಣಿವೆ, ಅದೇ ಆರು ವರ್ಷ, ಉಪ್ಪು ಮಾತ್ರ ಬೇರೆ: ‘ಬಿ’ ವಲಯದ ಮಕ್ಕಳು ಆ ವಾದಗಳ ಬಾಯಿ ಮುಚ್ಚಿಸಿದರು. 1962ರಲ್ಲೇ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ‘ಬಿ’ ವಲಯಕ್ಕೂ ಆಮೇಲೆ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಗಳಗಂಡ ಇಳಿಯಿತು. ಸೆಕೆ, ತೇವ ಇರುವ ನಮ್ಮ ಹವೆಯಲ್ಲಿ ಅಯೊಡೈಡಿಗಿಂತ ಅಯೊಡೇಟ್ ಹೆಚ್ಚು ಕಾಲ ಉಳಿಯುವುದರಿಂದ ಇಂದು ನಮ್ಮ ಪ್ಯಾಕೆಟ್ಟುಗಳಲ್ಲಿ ಇರುವುದು ಅದೇ. ಮನೆ ಮುಟ್ಟುವಾಗ ಹತ್ತು ಲಕ್ಷಕ್ಕೆ ಕನಿಷ್ಠ 15 ಪಾಲು ಅಯೋಡಿನ್ ಇರಬೇಕು. ಡಬ್ಬಿಯ ಮುಚ್ಚಳ ಹಾಕಿ, ಒಲೆಯ ಪಕ್ಕ ಇಡಬೇಡಿ ಎಂದು ನಾವು ಮನೆಮನೆಯಲ್ಲೂ ಹೇಳುತ್ತಿದ್ದುದು ಆ 15 ಉಳಿಯಲೆಂದೇ.

ಆದರೆ ಆ ಆರು ವರ್ಷ ಬರೀ ಉಪ್ಪು ತಿಂದ ಮಕ್ಕಳ ಪಾಡೇನು ಎಂಬ ಪ್ರಶ್ನೆ ನುಂಗಿಕೊಳ್ಳುವಂಥದ್ದಲ್ಲ. ಮನುಷ್ಯರ ಮೇಲಿನ ಸಂಶೋಧನೆ ಹೇಗಿರಬೇಕು ಎಂಬ ನೀತಿ ಹೇಳಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊರಡಿಸಿದ್ದು 1980ರಲ್ಲಿ. ಆಗ ಮಂಡಳಿಯ ಮಹಾನಿರ್ದೇಶಕರಾಗಿದ್ದವರು ಅದೇ ರಾಮಲಿಂಗಸ್ವಾಮಿ. ಇಂದು ನೈತಿಕ ಸಮಿತಿಯ ಒಪ್ಪಿಗೆ ಬೇಕು, ಸೇರುವವರಿಗೆ ಅವರ ಭಾಷೆಯಲ್ಲೇ ವಿವರಿಸಿ ಸಹಿ ಪಡೆಯಬೇಕು. ಗುಣ ಮಾಡುತ್ತದೆಂದು ಆಗಲೇ ಗೊತ್ತಾಗಿರುವ ಔಷಧಿಯನ್ನು ಹೋಲಿಕೆಗಾಗಿ ತಡೆಹಿಡಿದು ಮಗುವಿಗೆ ಹಾನಿ ಮಾಡುವಂತಿಲ್ಲ.

ತಡೆಹಿಡಿಯದೆಯೂ ಹೋಲಿಸಬಹುದು ಎಂಬುದಕ್ಕೆ ಹಸುಗೂಸುಗಳ ಕಥೆ ಇದೆ. ಕೆಲವು ಮಕ್ಕಳಿಗೆ ಥೈರಾಯ್ಡ್ ಗ್ರಂಥಿಯೇ ಇರುವುದಿಲ್ಲ, ಇಲ್ಲವೇ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಇದಕ್ಕೆ ಉಪ್ಪು ಮದ್ದಲ್ಲ. ತಾಯಿಯ ಹಾರ್ಮೋನು ಸ್ವಲ್ಪ ದಾಟಿ ಬಂದಿರುವುದರಿಂದ ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಕಾಮಾಲೆ ಬೇಗ ಇಳಿಯದು, ಮಲಬದ್ಧತೆ, ಹಾಲಿಗೂ ಎಬ್ಬಿಸಬೇಕು. “ನಮ್ ಕೂಸು ಎಷ್ಟು ಸಾಧು ನೋಡಿ, ಅಳೋದೇ ಇಲ್ಲ” ಎಂದು ಅಜ್ಜಿ ಹಿಗ್ಗುತ್ತಿದ್ದರೆ ನನಗೆ ಎದೆ ಧಸಕ್ಕೆನ್ನುತ್ತಿತ್ತು. ಅಮೆರಿಕದಲ್ಲಿ ಇಂಥ ಮಕ್ಕಳ ಹಳೆಯ ದಾಖಲೆಗಳನ್ನು ಗುಡ್ಡೆ ಹಾಕಿ 1972ರಲ್ಲಿ ಲೆಕ್ಕ ತೆಗೆದರು. ಮೂರು ತಿಂಗಳೊಳಗೆ ಚಿಕಿತ್ಸೆ ಶುರುವಾದವರ ಸರಾಸರಿ ಬುದ್ಧಿಸೂಚ್ಯಂಕ 89, ಮೂರರಿಂದ ಆರು ತಿಂಗಳಲ್ಲಿ ಶುರುವಾದವರದು 70, ಅದಕ್ಕೂ ತಡವಾದವರದು 54. ಯಾರಿಗೂ ಔಷಧಿ ತಪ್ಪಿಸಿರಲಿಲ್ಲ, ಕಾಯಿಲೆ ತಡವಾಗಿ ಗೊತ್ತಾದದ್ದೇ ಹೋಲಿಕೆಯನ್ನು ಒದಗಿಸಿತ್ತು. ಲಕ್ಷಣ ಕಾಯುತ್ತ ಕೂತರೆ ಆಗದು, ಹುಟ್ಟಿದ ಪ್ರತಿ ಮಗುವನ್ನೂ ಪರೀಕ್ಷಿಸಬೇಕು ಎಂಬ ಮಾತಿಗೆ ಬಲ ಬಂತು. ಕೆನಡಾದ ಕ್ವಿಬೆಕ್‌ನಲ್ಲಿ ಜೀನ್ ಡುಸೋ ಎಂಬ ವೈದ್ಯರು ಸೋಸುಕಾಗದದ ಮೇಲೆ ಒಣಗಿದ ರಕ್ತದ ಚುಕ್ಕೆಯಿಂದಲೇ ಇದನ್ನು ಪತ್ತೆಹಚ್ಚುವ ದಾರಿ ತೋರಿಸಿದರು. ಹಿಮ್ಮಡಿಗೆ ಚುಚ್ಚಿ ತೆಗೆಯುವ ಆ ಹನಿಗೆ ಮನೆಯವರು ಮುಖ ಕಿವುಚುತ್ತಾರೆ. ಆದರೆ ಎರಡು ವಾರದೊಳಗೆ ಥೈರಾಯ್ಡ್ ಹಾರ್ಮೋನಿನ ಪುಟ್ಟ ಮಾತ್ರೆಯನ್ನು ಅರೆದು ಎದೆಹಾಲಿನಲ್ಲಿ ಕುಡಿಸಲು ಶುರುಮಾಡಿದರೆ ಆ ಮಗು ಎಲ್ಲರ ಹಾಗೆ ಶಾಲೆಗೆ ಹೋಗುತ್ತದೆ.

ಹೋಲಿಸಿ ನೋಡಿದರೆ ಔಷಧಿ ಬೇಡ ಎಂಬ ಉತ್ತರವೂ ಬರಬಹುದು. ನಮ್ಮ ಅತ್ತಿಗೆಗೆ 70 ದಾಟಿದೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಸ್ವಲ್ಪ ಏರಿತ್ತು, ಥೈರಾಯ್ಡಿನದೇ ಹಾರ್ಮೋನಾದ ಟಿ-4, ಅಂದರೆ ಥೈರಾಕ್ಸಿನ್, ಸರಿಯಾಗಿತ್ತು. ಡಾಕ್ಟರು ಮಾತ್ರೆ ಬರೆಯದೆ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. “ಕಾಯಿಲೆ ಇದೆ ಅಂತಾರೆ, ಮದ್ದು ಕೊಡಲ್ಲ ಅಂತಾರೆ, ಇದೆಂಥ ನ್ಯಾಯ ಮಾರಾಯ್ತಿ?” ಎಂದು ಅತ್ತಿಗೆ ನನ್ನ ಮೇಲೆ ರೇಗಿದರು. ಅವರಿಗೆ ನಾನು ಯುರೋಪಿನ ‘ಟ್ರಸ್ಟ್’ ಅಧ್ಯಯನದ ಕಥೆ ಹೇಳಿದೆ. 65 ವರ್ಷ ಮೇಲ್ಪಟ್ಟ, ಅತ್ತಿಗೆಯಂಥದ್ದೇ ವರದಿಯ 737 ಜನ ಅದರಲ್ಲಿದ್ದರು. ಅರ್ಧದಷ್ಟು ಜನಕ್ಕೆ ಥೈರಾಕ್ಸಿನ್, ಉಳಿದವರಿಗೆ ನೋಡಲು ಹಾಗೆಯೇ ಇರುವ ಸುಳ್ಳು ಮಾತ್ರೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ನುಂಗಿದವರಿಗೂ ಗೊತ್ತಿರಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶ: ಮಾತ್ರೆ ತಿಂದವರ ಟಿಎಸ್‌ಎಚ್ ಇಳಿಯಿತು, ಆದರೆ ಸುಸ್ತು ಮೊದಲಾದ ಲಕ್ಷಣಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಇದನ್ನು ಓದಿ ಯಾರೂ ತಮ್ಮ ಮಾತ್ರೆ ಬಿಡಬೇಡಿ. ಹಾರ್ಮೋನು ನಿಜಕ್ಕೂ ಕಡಿಮೆಯಿರುವವರಿಗೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಲೆಕ್ಕವೇ ಬೇರೆ.

ನಿವೃತ್ತಿಯಾದ ಮೇಲೂ ಜನ ಫೋನ್ ಮಾಡುತ್ತಾರೆ: ಆಸ್ಪತ್ರೆಯಲ್ಲಿ ಸಂಶೋಧನೆಗೆ ಸೇರಿ ಅಂತಿದ್ದಾರೆ, ನಮ್ಮನ್ನೇನು ಪ್ರಯೋಗದ ಇಲಿ ಮಾಡ್ತಾರಾ? ನಾನು ಕೇಳಬೇಕಾದ ಪ್ರಶ್ನೆಗಳನ್ನು ಹೇಳಿಕೊಡುತ್ತೇನೆ. ಈಗಿರುವ ಚಿಕಿತ್ಸೆ ನಿಲ್ಲುತ್ತದೆಯೆ? ಹಾನಿಯಾದರೆ ಖರ್ಚು ಯಾರದು? ನಡುವೆ ಬಿಟ್ಟರೆ ಎಂದಿನ ಚಿಕಿತ್ಸೆ ಸಿಗುತ್ತದೆಯೆ? ರಾಷ್ಟ್ರೀಯ ಪ್ರಯೋಗ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐಯಲ್ಲಿ, ಇದು ದಾಖಲಾಗಿದೆಯೆ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಸರಿಯಾಗಿದ್ದರೆ, ನಿಮ್ಮ ಪಾಲಿಗೆ ಬರುವುದು ಸುಳ್ಳು ಮಾತ್ರೆಯೇ ಇರಬಹುದೆಂದು ತಿಳಿದೇ ಸಹಿ ಹಾಕಿ. ದಿನಾ ಸಾರಿಗೆ ಹಾಕುವ ಉಪ್ಪಿನಲ್ಲಿ ಅಯೋಡಿನ್ ಇರಬೇಕೆಂದು ನಮಗೆ ಸಾಬೀತು ಮಾಡಿಕೊಟ್ಟವರು ಆರು ವರ್ಷ ಅದಿಲ್ಲದ ಉಪ್ಪು ತಿಂದವರು. ಅವರಿಗೆ ಸಹಿ ಹಾಕುವ, ಹಾಕದೆ ಎದ್ದು ಬರುವ ಹಕ್ಕು ಬರೆದುಕೊಟ್ಟವರಿರಲಿಲ್ಲ. ನಮಗಿದೆ.