ಫೋಟೋ ಒಂದೇ, ದರ ಬೇರೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಯಾವುದೇ ಸ್ಟುಡಿಯೋದಲ್ಲಿ ಮದುವೆ ಫೋಟೋಗೆ ಎಷ್ಟು ಎಂದು ಕೇಳಿದರೆ ಉತ್ತರ ಬಾಯ ತುದಿಯಲ್ಲೇ ಇರುತ್ತದೆ. ಆರತಕ್ಷತೆ, ಮುಹೂರ್ತ, ಇಬ್ಬರು ಕ್ಯಾಮೆರಾದವರು, ಡ್ರೋನ್, ಆಲ್ಬಮ್ ಎಲ್ಲ ಸೇರಿ ಇಷ್ಟು. ಅದೇ ಸ್ಟುಡಿಯೋದವರನ್ನು ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೋ ನಂದಿಬೆಟ್ಟದ ಬುಡದ ರೆಸಾರ್ಟೋ ಚಿಂತಾಮಣಿಯ ಸೀರೆ ಅಂಗಡಿಯೋ ಕರೆದಾಗ ಲೆಕ್ಕ ತಪ್ಪುತ್ತದೆ. ಗಿರಾಕಿ ಕೇಳುವುದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು? ಫೋಟೋಗ್ರಾಫರ್ ಮದುವೆಯ ದರವನ್ನೇ ಭಾಗಿಸಿ, ಆಲ್ಬಮ್ ಖರ್ಚು ಕಳೆದು, ಊಟ ಅವರೇ ಹಾಕಿಸುತ್ತಾರಲ್ಲ ಎಂದು ಇನ್ನಷ್ಟು ಇಳಿಸಿ ಒಂದು ಅಂಕಿ ಹೇಳುತ್ತಾನೆ. ಎಡವಟ್ಟು ಶುರುವಾಗುವುದೇ ಇಲ್ಲಿಂದ. ಮದುವೆಯ ಫೋಟೋ ಆ ಮನೆಯವರು ನೋಡಿ ಸಂತೋಷಪಡಲಿಕ್ಕೆ ಇರುವಂಥದ್ದು. ವ್ಯಾಪಾರಿಗೆ ತೆಗೆದುಕೊಟ್ಟ ಫೋಟೋ ಮಾರನೆಯ ದಿನದಿಂದ ಅವನ ಅಂಗಡಿಯಲ್ಲಿ ದುಡಿಯಲು ನಿಲ್ಲುತ್ತದೆ, ವರ್ಷಗಟ್ಟಲೆ ದುಡಿಯುತ್ತದೆ. ಆದ್ದರಿಂದ ದರ ಕಟ್ಟಬೇಕಾದ್ದು ತೆಗೆದ ದಿನಕ್ಕೆ ಮಾತ್ರವಲ್ಲ, ಆ ಫೋಟೋ ಎಲ್ಲಿ, ಎಷ್ಟು ಕಾಲ, ಯಾವ ಕೆಲಸಕ್ಕೆ ಬಳಕೆಯಾಗುತ್ತದೆ ಎಂಬುದಕ್ಕೂ.

ಮೊದಲು ದಿನದ ಲೆಕ್ಕವನ್ನೇ ನೋಡೋಣ. ಕ್ಯಾಮೆರಾ, ಎರಡು ಮೂರು ಲೆನ್ಸು, ಫ್ಲ್ಯಾಶು, ಎಡಿಟಿಂಗ್‌ಗೆ ಕಂಪ್ಯೂಟರು ಸೇರಿ 4 ಲಕ್ಷ ರೂಪಾಯಿ ಹೂಡಿದ್ದಾನೆ ಎಂದಿಟ್ಟುಕೊಳ್ಳಿ. ಕ್ಯಾಮೆರಾದ ಶಟರ್‌ಗೂ ಆಯಸ್ಸುಂಟು. ಒಳ್ಳೆಯ ಮಾಡೆಲ್‌ಗಳಿಗೆ ತಯಾರಕರು ಹೇಳುವುದು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಲಕ್ಷ ಕ್ಲಿಕ್. ಮದುವೆ ಸೀಸನ್ನಿನಲ್ಲಿ ಅದು ಬೇಗ ಸವೆಯುತ್ತದೆ. ನಾಲ್ಕು ವರ್ಷಕ್ಕೆ ಹಂಚಿದರೂ ಉಪಕರಣದ ಸವಕಳಿ ವರ್ಷಕ್ಕೆ 1 ಲಕ್ಷ. ಅಂಗಡಿ ಬಾಡಿಗೆ, ಕರೆಂಟು, ಸಾಫ್ಟ್‌ವೇರ್, ಹಾರ್ಡ್ ಡಿಸ್ಕು, ಪೆಟ್ರೋಲು, ರಿಪೇರಿ ಎಂದು 80 ಸಾವಿರ. ಮನೆ ನಡೆಸಲು ತಿಂಗಳಿಗೆ 30 ಸಾವಿರ, ಅಂದರೆ 3 ಲಕ್ಷ 60 ಸಾವಿರ. ಒಟ್ಟು 5 ಲಕ್ಷ 40 ಸಾವಿರ. ವರ್ಷಕ್ಕೆ 365 ದಿನವಿದ್ದರೂ ದುಡ್ಡು ಹುಟ್ಟುವ ದಿನಗಳು ಕಮ್ಮಿ. ಒಂದು ದಿನದ ಶೂಟಿಂಗ್‌ನ ಹಿಂದೆ ಎಡಿಟಿಂಗ್, ಜಾಗ ನೋಡಿ ಬರುವುದು, ಬಾಕಿಗಾಗಿ ಅಲೆಯುವುದು ಎಲ್ಲ ಇರುತ್ತವೆ. ಆಷಾಢ, ಧನುರ್ಮಾಸದಲ್ಲಿ ಮುಹೂರ್ತಗಳೇ ಇಲ್ಲ. 90 ದಿನದ ಕೆಲಸ ಸಿಕ್ಕಿತೆಂದರೆ ದಿನಕ್ಕೆ 6 ಸಾವಿರ ಬರಲೇಬೇಕು. ಇದು ಲಾಭವಲ್ಲ, ಕೆಲಸ ನಿಲ್ಲದಿರಲು ಬೇಕಾದ ಕನಿಷ್ಠ. ಅದೇ 90 ದಿನವನ್ನು ಎರಡೆರಡು ಸಾವಿರಕ್ಕೆ ಒಪ್ಪಿಕೊಂಡರೆ ಬರುವುದು 1 ಲಕ್ಷ 80 ಸಾವಿರ. ಸವಕಳಿಗೂ ಖರ್ಚಿಗೂ ಸರಿಹೋಗಿ ಮನೆಗೆ ಒಂದು ಪೈಸೆಯೂ ಉಳಿಯುವುದಿಲ್ಲ. ಅಂಕಿಗಳು ಉದಾಹರಣೆಗೆ ಹೇಳಿದವು, ಒಬ್ಬೊಬ್ಬರದು ಒಂದೊಂದಾಗಬಹುದು. ಆದರೆ ಈ ಲೆಕ್ಕವನ್ನು ಕಾಗದದ ಮೇಲೆ ಹಾಕದೆ ದರ ಹೇಳುವವನು ಮದುವೆಯಲ್ಲಿ ದುಡಿದದ್ದನ್ನು ಕಂಪನಿಗಳಿಗೆ ದಾನ ಮಾಡುತ್ತಿರುತ್ತಾನೆ, ಅದೂ ತನಗೆ ಗೊತ್ತಿಲ್ಲದೆ.

‘ಅರ್ಧ ಗಂಟೆ ಕೆಲಸಕ್ಕೆ ಇಷ್ಟಾ ಅಣ್ಣಾ?’ ಎಂಬ ಮಾತು ಈ ಸೀಮೆಯಲ್ಲಿ ಕನ್ನಡದಲ್ಲೂ ಕೇಳಿಬರುತ್ತದೆ, ತೆಲುಗಿನಲ್ಲೂ ಕೇಳಿಬರುತ್ತದೆ. ಉತ್ತರಕ್ಕೆ ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದ ಒಳಗೆ ಹೋಗಬೇಕು. ಗೂಡು ಬೇಯುವ ಬಿಸಿನೀರಿನ ಹಬೆಗೆ ಲೆನ್ಸು ಮಂಜಾಗುತ್ತದೆ. ಗಾಜು ಒಳಗಿನ ಶಾಖಕ್ಕೆ ಹೊಂದಿಕೊಳ್ಳುವ ತನಕ ಕಾಯದೆ ವಿಧಿಯಿಲ್ಲ. ಶೀಟಿನ ಸೂರಿನ ಕೆಳಗೆ ಬೆಳಕು ಕಮ್ಮಿ, ಯಂತ್ರ ತಿರುಗುತ್ತಲೇ ಇರಬೇಕು. ನೂಲಿನ ಲಡಿಗಂತೂ ನೇರ ಫ್ಲ್ಯಾಶ್ ಹೊಡೆದರೆ ಕೆಟ್ಟಿತು. ರೇಷ್ಮೆಯ ಎಳೆ ಅಡ್ಡಸೀಳಿದರೆ ಹೆಚ್ಚುಕಡಿಮೆ ತ್ರಿಕೋನಾಕಾರ. ಅದಕ್ಕೇ ಅದು ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆಸೆಯುತ್ತದೆ. ಅಗಲವಾದ ಬಿಳಿ ಬಟ್ಟೆಯಲ್ಲಿ ಬೆಳಕನ್ನು ಸೋಸಿ, ಪಕ್ಕದಿಂದ ಬಿಟ್ಟರೆ ಮಾತ್ರ ಹೊಳಪು ಹೊಳಪಾಗಿ ಕಾಣುತ್ತದೆ. ಬಣ್ಣದ ಕಥೆ ಇನ್ನೂ ಸೂಕ್ಷ್ಮ. ಮಿಶ್ರತಳಿ ಗೂಡಿನ ನೂಲು ಹಳದಿ ಛಾಯೆಯದು, ದ್ವಿತಳಿಯದು ಬಿಳಿ. ಹಳದಿ ನೂಲು ಫೋಟೋದಲ್ಲಿ ಬೆಳ್ಳಗೆ ಬಂದು, ಅದನ್ನು ವಾಟ್ಸ್ಆ್ಯಪ್‌ನಲ್ಲಿ ನೋಡಿದ ದೂರದೂರಿನ ನೇಕಾರ ಆರ್ಡರ್ ಕೊಟ್ಟರೆ ಮಾಲು ವಾಪಸು ಬರುವುದು ಖಂಡಿತ. ಬೂದು ಕಾರ್ಡು ಇಟ್ಟು ಬಣ್ಣ ಸರಿಮಾಡುವ ಆ ಐದು ನಿಮಿಷದಲ್ಲಿ ಫೋಟೋಗ್ರಾಫರ್ ಉಳಿಸುವುದು ರೀಲರ್‌ನ ಮರ್ಯಾದೆಯನ್ನು. ಅರ್ಧ ಗಂಟೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುವುದು ಅದನ್ನು ಕಲಿಯಲು ವರ್ಷಗಳು ಹೋಗಿರುವುದರಿಂದ.

ಇನ್ನು ಬಳಕೆಯ ವಿಚಾರ. ಗೂಡಿನ ಮಾರುಕಟ್ಟೆಯಲ್ಲಿ ಎರಡು ಲಾಟುಗಳ ತೂಕ ಒಂದೇ ಇದ್ದರೂ ದರ ಒಂದೇ ಇರುವುದಿಲ್ಲ. ಯಾವುದರಿಂದ ಎಷ್ಟು ನೂಲು, ಎಂಥ ನೂಲು ಬರುತ್ತದೆ ಎಂದು ಅಳೆದು ರೀಲರ್ ಹರಾಜು ಕೂಗುತ್ತಾನೆ. ಇದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಫೋಟೋದಲ್ಲೂ ಅಷ್ಟೇ. ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರೊಬ್ಬರು ದಿಲ್‌ಖುಷ್ ಗೊಂಚಲಿನ ಫೋಟೋವನ್ನು ಮಂಡಿ ವ್ಯಾಪಾರಿಗೆ ಫೋನಿನಲ್ಲಿ ಕಳಿಸಿದರೆ ಅದರ ಕೆಲಸ ಆ ವಾರಕ್ಕೆ ಮುಗಿಯಿತು. ಅದೇ ಗೊಂಚಲು, ಅದೇ ಫೋಟೋ, ಒಂದು ಜ್ಯೂಸ್ ಕಂಪನಿಯ ಡಬ್ಬಿಯ ಮೇಲೆ ಮೂರು ವರ್ಷ ಅಚ್ಚಾಗುತ್ತಲೇ ಇದ್ದರೆ? ತೆಗೆಯಲು ಪಟ್ಟ ಶ್ರಮ ಎರಡರಲ್ಲೂ ಒಂದೇ. ದುಡಿಮೆ ಒಂದೇ ಅಲ್ಲ. ಎರಡಕ್ಕೂ ಒಂದೇ ದರ ಹಾಕಿದರೆ ಬೆಳೆಗಾರ ಹೆಚ್ಚು ಕೊಟ್ಟ ಹಾಗಾಗುತ್ತದೆ, ಇಲ್ಲವೇ ಕಂಪನಿ ಕಮ್ಮಿ ಕೊಟ್ಟ ಹಾಗಾಗುತ್ತದೆ. ಬಳಕೆಗೆ ತಕ್ಕ ದರ ಫೋಟೋಗ್ರಾಫರ್‌ನ ದುರಾಸೆ ಎಂದುಕೊಳ್ಳುವವರು ಸಣ್ಣ ಗಿರಾಕಿಗೆ ಇದರಿಂದಾಗುವ ಅನುಕೂಲವನ್ನು ನೋಡುವುದೇ ಇಲ್ಲ.

ಇಲ್ಲಿ ಕಾನೂನಿನ ಒಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ಅಮೆರಿಕದ ಯೂಟ್ಯೂಬ್ ಪಾಠಗಳನ್ನು ನೋಡಿ ದರ ಹೇಳುವುದನ್ನು ಕಲಿತ ಹುಡುಗರು ‘ಕ್ಲಿಕ್ ಮಾಡಿದವನದೇ ಕಾಪಿರೈಟ್’ ಎಂದು ನಂಬಿರುತ್ತಾರೆ. ಅದು ಅಲ್ಲಿನ ಮಾತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಬ್ರಿಟಿಷರ 1911ರ ಕಾಯ್ದೆಯಿಂದ ಬಂದ ನಿಯಮವಿದು; ಅವರೇ 1988ರ ಕಾಯ್ದೆಯಲ್ಲಿ ಇದನ್ನು ಬಿಟ್ಟರು, ನಾವು ಇಟ್ಟುಕೊಂಡಿದ್ದೇವೆ. ಅಂದರೆ ಬಾಯಿಮಾತಿನಲ್ಲಿ ‘ದಿನಕ್ಕೆ ಇಷ್ಟು’ ಎಂದು ಒಪ್ಪಿದ ಫೋಟೋಗ್ರಾಫರ್, ಡಬ್ಬಿ, ಹೋರ್ಡಿಂಗ್, ಜಾಹೀರಾತು, ಮುಂದಿನ ಹತ್ತಾರು ವರ್ಷದ ಬಳಕೆ ಎಲ್ಲವನ್ನೂ ಆ ಒಂದು ದಿನದ ಕೂಲಿಗೆ ಮಾರಿದಂತೆಯೇ. ಮಾರುವುದು ತಪ್ಪಲ್ಲ, ಸರ್ವಹಕ್ಕಿಗೆ ಸರ್ವಹಕ್ಕಿನ ಬೆಲೆ ಕೇಳಬೇಕು. ಗಿರಾಕಿ ಅಷ್ಟು ಕೊಡಲಾರೆ ಎಂದಾಗ ಇಳಿಸಬೇಕಾದ್ದು ಕೂಲಿಯನ್ನಲ್ಲ, ಬಳಕೆಯನ್ನು.

ಹೇಗೆ ಎಂದರೆ, ಕೊಟೇಶನ್ನಿನಲ್ಲಿ ಎರಡು ಸಾಲು ಬೇರೆ ಬೇರೆ ಇರಲಿ. ಚಿಂತಾಮಣಿಯ ಸೀರೆ ಅಂಗಡಿಯೊಂದು ಹಬ್ಬಕ್ಕೆ ಇಪ್ಪತ್ತು ಫೋಟೋ ಕೇಳಿತು ಎನ್ನಿ. ಮೊದಲ ಸಾಲು: ಒಂದು ದಿನದ ಶೂಟಿಂಗ್ ಮತ್ತು ಎಡಿಟಿಂಗ್, 6,000, ಅಂಗಡಿಯ ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಬಳಕೆ ಒಂದು ವರ್ಷ ಇದರಲ್ಲೇ ಸೇರಿದೆ. ಎರಡನೆಯ ಸಾಲು: 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಮೂರು ತಿಂಗಳು ಹೋರ್ಡಿಂಗ್ ಹಾಕುವುದಾದರೆ ಮತ್ತೆ 3,000, ಎಲ್ಲ ಹಕ್ಕೂ ಬೇಕೆಂದರೆ ಒಟ್ಟು 18,000. ಈ ಅನುಪಾತ ಶಾಸ್ತ್ರವೇನಲ್ಲ, ಮಾತು ಶುರುಮಾಡಲು ಒಂದು ಆಧಾರ. ಅಂಗಡಿಯವರು ಹೋರ್ಡಿಂಗ್ ಬೇಡ ಎಂದರೆ ಆ ಸಾಲನ್ನು ಹೊಡೆದುಹಾಕಿದರಾಯಿತು. ಚೌಕಾಸಿಯಲ್ಲಿ ಯಾರ ಮುಖವೂ ಕೆಡುವುದಿಲ್ಲ. ಕಾಪಿರೈಟ್ ಯಾರದು, ಎಷ್ಟು ಕಾಲ, ಎಲ್ಲಿ ಬಳಕೆ ಎಂಬ ಮೂರನ್ನು ಬರೆದು, ಕೆಲಸಕ್ಕೆ ಮುಂಚೆಯೇ ಇಬ್ಬರೂ ಸಹಿ ಹಾಕಬೇಕು. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದೇ ಕಾಯ್ದೆಯ 19ನೇ ಸೆಕ್ಷನ್ ಅದನ್ನು ಐದು ವರ್ಷ ಎಂದು ಭಾವಿಸುತ್ತದೆ. ‘ನಾನು ದುಡ್ಡು ಕೊಟ್ಟ ಫೋಟೋವನ್ನೇ ಎದುರಂಗಡಿಗೆ ಮಾರಿದರೆ?’ ಎಂಬ ಅಂಗಡಿಯವರ ಅಂಜಿಕೆ ನ್ಯಾಯವಾದದ್ದೇ. ಅದಕ್ಕೂ ಒಂದು ಸಾಲು: ಈ ಫೋಟೋ ಬೇರೆ ಯಾವ ವ್ಯಾಪಾರಕ್ಕೂ ಕೊಡುವುದಿಲ್ಲ.

ಇದೆಲ್ಲ ಬೆಂಗಳೂರಿಗೆ ಸರಿ, ಗೌರಿಬಿದನೂರಿನಲ್ಲಿ ಯಾರು ಕೊಡುತ್ತಾರೆ, ಪಕ್ಕದ ಬೀದಿಯ ಹುಡುಗ ಒಂದೂವರೆ ಸಾವಿರಕ್ಕೆ ಬರುತ್ತಾನಲ್ಲ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಬರುತ್ತಾನೆ, ನಿಜ. ಮೇಲಿನ ಲೆಕ್ಕದ ಪ್ರಕಾರ ಅವನ ಕ್ಯಾಮೆರಾ ಸವೆದಾಗ ಹೊಸದು ಕೊಳ್ಳಲು ಅವನ ಬಳಿ ದುಡ್ಡಿರುವುದಿಲ್ಲ, ಆಮೇಲೆ ಇನ್ನೊಬ್ಬ ಹುಡುಗ ಬರುತ್ತಾನೆ. ಕಮ್ಮಿ ದರಕ್ಕೆ ಸಾಕಾಗುವ ಕೆಲಸಗಳೂ ಇವೆ ಎಂದು ಒಪ್ಪಿಕೊಳ್ಳೋಣ. ದಿನವೂ ಬದಲಾಗುವ ಹೋಟೆಲ್ ಮೆನುವಿಗೆ ಮಾಲೀಕರ ಮೊಬೈಲೇ ಸಾಕು, ಅದಕ್ಕೆ ವೃತ್ತಿಯವರನ್ನು ಕರೆಯುವುದೇ ದಂಡ. ಎಐ ಚಿತ್ರದ ಮಾತೂ ಹೀಗೆಯೇ. ಹಿನ್ನೆಲೆ, ಅಲಂಕಾರ ಅದು ಮಾಡಿಕೊಟ್ಟೀತು; ಈ ಕಾರ್ಖಾನೆಯ ಈ ಯಂತ್ರ, ಈ ಲಾಟಿನ ಈ ನೂಲು ಹೇಗಿದೆ ಎಂದು ಕೊಳ್ಳುವವನಿಗೆ ತೋರಿಸಬೇಕಾದಾಗ ಇಲ್ಲದ್ದನ್ನು ಬರೆದ ಚಿತ್ರ ಮೋಸವಾಗುತ್ತದೆ. ಉಳಿದಂತೆ, ಕೆಳಗಿನ ದರದ ಪೈಪೋಟಿಗೆ ತಾಲ್ಲೂಕಿನ ಸಂಘವೇ ಒಂದು ಕನಿಷ್ಠ ದರ ಕಟ್ಟಲಿ ಎಂಬ ಸಲಹೆ ಆಗಾಗ ಬರುತ್ತದೆ. ಸಂಕಟ ಅರ್ಥವಾಗುತ್ತದೆ, ಆದರೆ 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಒಂದೇ ಕಸುಬಿನವರು ಕೂಡಿ ದರ ನಿಗದಿಮಾಡುವುದನ್ನು ಸ್ಪರ್ಧೆಗೆ ಹಾನಿ ಎಂದೇ ಭಾವಿಸುತ್ತದೆ. ಸಂಘ ಮಾಡಬಹುದಾದ ಕೆಲಸ ಬೇರೆ ಇದೆ: ಕನ್ನಡದಲ್ಲಿ ಒಂದು ಪುಟದ ಮಾದರಿ ಕರಾರು ಪತ್ರ ಅಚ್ಚುಹಾಕಿ ಎಲ್ಲ ಸ್ಟುಡಿಯೋಗಳಿಗೂ ಹಂಚುವುದು, ವೆಚ್ಚ ಲೆಕ್ಕಹಾಕುವುದನ್ನು ಹೊಸಬರಿಗೆ ಹೇಳಿಕೊಡುವುದು. ದರ ಅವರವರದೇ ಇರಲಿ.

ನ್ಯಾಯವಾದ ದರವೂ ಎಂಟು ತಿಂಗಳ ನಂತರ ಕೈಸೇರಿದರೆ ನ್ಯಾಯವಾಗಿ ಉಳಿಯುವುದಿಲ್ಲ. ಅರ್ಧ ಅಡ್ವಾನ್ಸ್ ಕೇಳುವ ರೂಢಿ ಮದುವೆಯಲ್ಲಿದೆ, ಕಂಪನಿ ಕೆಲಸದಲ್ಲಿ ಮಾತ್ರ ‘ಬಿಲ್ ಕಳಿಸಿ, ನೋಡೋಣ’ ಎಂಬಲ್ಲಿಗೆ ನಿಲ್ಲುತ್ತದೆ. ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತವಾಗಿ ಆಗುತ್ತದೆ, ಒಬ್ಬನೇ ನಡೆಸುವ ಸ್ಟುಡಿಯೋ ಕೂಡ ಕಿರು ಉದ್ಯಮವೇ. ಹೀಗೆ ನೋಂದಾಯಿಸಿಕೊಂಡವರಿಗೆ 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಒಪ್ಪಿಕೊಂಡ ಗಡುವಿನೊಳಗೆ, ಅದೂ ಹೆಚ್ಚೆಂದರೆ 45 ದಿನದಲ್ಲಿ, ದುಡ್ಡು ಸಂದಾಯವಾಗಬೇಕು. ಲಿಖಿತ ಗಡುವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಊರಿನ ಗಿರಾಕಿಯ ಮೇಲೆ ಬಡ್ಡಿ ಹಾಕಿ ದೂರು ಕೊಡುವಷ್ಟು ಹಟ ಯಾರಿಗಿದೆ, ನಾಳೆ ಅವರ ಮುಖವನ್ನೇ ನೋಡಬೇಕಲ್ಲ ಎನ್ನಬಹುದು. ಅಲ್ಲಿಯ ತನಕ ಹೋಗಬೇಕಾಗಿಯೂ ಇಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿಯಂತೆ, ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಕಂಪನಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಕೊಟ್ಟ ವರ್ಷಕ್ಕಷ್ಟೇ ಅದು ಖರ್ಚು. ಬಿಲ್ಲಿನ ತಲೆಯಲ್ಲಿ ಉದ್ಯಮ್ ಸಂಖ್ಯೆಯೂ ಕೆಳಗೆ ಗಡುವಿನ ತಾರೀಖೂ ಅಚ್ಚಾಗಿದ್ದರೆ, ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವಾಗ ಆ ಕಂಪನಿಯ ಆಡಿಟರೇ ಬಾಕಿ ಚುಕ್ತಾ ಮಾಡಿ ಎಂದು ಮಾಲೀಕರಿಗೆ ಹೇಳುತ್ತಾರೆ.